ಓಡು ಅಂತ ಬರೆದ ಹುಡುಗ ಮತ್ತು ನಮ್ಮ ಒಂಬತ್ತನೇ ಕ್ಲಾಸಿನ ಒಂದು ವರ್ಷ

ಜೂನಲ್ಲಿ ಶಾಲೆ ಶುರುವಾದ ಮೇಲೆ ಒಂಬತ್ತನೇ ಕ್ಲಾಸಿನವರಿಗೆ ಮೊದಲ ಪ್ರಬಂಧ ಅಂತ "ನಮ್ಮ ಮನೆ" ಕೊಟ್ಟಿದ್ದೆ. ಒಬ್ಬ ಹುಡುಗ ಬರೆದಿದ್ದ, "ಮಳೆ ಬರುವ ಮೊದಲು ಅಪ್ಪ ಮಾಡಿಗೆ ಹತ್ತಿ ಒಡೆದ ಓಡು ತೆಗೆದು ಬೇರೆ ಓಡು ಇಟ್ಟರು, ನಾನು ಕೆಳಗಿಂದ ಎತ್ತಿ ಕೊಟ್ಟೆ" ಅಂತ. ನಾನು ಓಡು ಅನ್ನುವಲ್ಲಿಗೆಲ್ಲ ಕೆಂಪು ಗೆರೆ ಹಾಕಿ ಮೇಲೆ "ಹಂಚು" ಅಂತ ಬರೆದು ಅರ್ಧ ಮಾರ್ಕು ಕಟ್ ಮಾಡಿದೆ. ಓಡು ತುಳು ಶಬ್ದ, ಕನ್ನಡದಲ್ಲಿ ಬರೀಬಾರ್ದು ಅಂತ ಕ್ಲಾಸಲ್ಲಿ ಹೇಳಿಯೂ ಆಯ್ತು. ಆ ಹುಡುಗ ಎಂತದೂ ಮಾತಾಡ್ಲಿಲ್ಲ, ಅವ ಯಾವಾಗಲೂ ಮಾತಾಡುವವ ಅಲ್ಲ, ಲಾಸ್ಟ್ ಬೆಂಚಲ್ಲಿ ಕೂತು ರಬ್ಬರಿನ ಚೂರನ್ನೋ ಚಾಕ್ ಪೀಸನ್ನೋ ಉಗುರಲ್ಲಿ ಕೆತ್ತುತ್ತಾ ಇರ್ತಾನೆ.

ಆ ಅರ್ಧ ಮಾರ್ಕಿಂದ ಶುರುವಾದದ್ದು ಎಲ್ಲಿವರೆಗೆ ಹೋಯ್ತು ಅಂತ ಬರೆದಿಡ್ಬೇಕು ಅಂತ ತುಂಬ ದಿವಸದಿಂದ ಮನಸ್ಸಲ್ಲಿ ಇತ್ತು, ಈಗ ರಜೆ ಸಿಕ್ಕಿದೆ.

ನಮ್ಮದು ಬಂಟ್ವಾಳ ತಾಲೂಕಿನ ಒಳಗೆ ಇರುವ ಒಂದು ಇಗರ್ಜಿಯ, ಅಂದ್ರೆ ಚರ್ಚಿನ, ಹೈಸ್ಕೂಲು, ಕನ್ನಡ ಮೀಡಿಯಂ, ಅನುದಾನಿತ. ಎಂಟು ಒಂಬತ್ತು ಹತ್ತು ಸೇರಿಸಿದ್ರೆ ನೂರು ಚಿಲ್ಲರೆ ಮಕ್ಕಳು. ಹೆಡ್‌ಮಿಸ್ ಒಬ್ಬರು ಸಿಸ್ಟರ್, ಸಂಚಾಲಕರು ಇಗರ್ಜಿಯ ಫಾದರ್, ಆದ್ರೆ ಮಕ್ಕಳಲ್ಲಿ ಕ್ರಿಶ್ಚಿಯನ್ನರು ಮೂರನೇ ಒಂದು ಭಾಗವೂ ಇಲ್ಲ. ಬೆಳಿಗ್ಗೆ ಅಸೆಂಬ್ಲಿಯಲ್ಲಿ ಪ್ರಾರ್ಥನೆ ಮಾತ್ರ ಎಲ್ಲರದ್ದೂ ಒಂದೇ, ಆಟಕ್ಕೆ ಬಿಟ್ರೆ ಒಬ್ಬರು ತುಳು, ಒಬ್ಬರು ಕೊಂಕಣಿ, ಒಬ್ಬರು ಬ್ಯಾರಿ, ಪುನಃ ಕ್ಲಾಸಿಗೆ ಬರುವಾಗ ಮೆಟ್ಟಿಲಲ್ಲೇ ಕನ್ನಡಕ್ಕೆ ಬದಲಾಗ್ತಾರೆ. ಹದಿನಾಲ್ಕು ವರ್ಷದಿಂದ ಇಲ್ಲಿ ಕನ್ನಡ ಕಲಿಸ್ತಾ ಇದ್ದೇನೆ, ಆ ಬದಲಾವಣೆ ದಿನಾ ನೋಡಿ ನೋಡಿ ಅದರಲ್ಲಿ ಯೋಚನೆ ಮಾಡುವಂತದ್ದು ಉಂಟು ಅಂತ ನನಗೆ ಅನಿಸಿರ್ಲೇ ಇಲ್ಲ.

ಜುಲೈ 1 ಪತ್ರಿಕಾ ದಿನ. ಪ್ರತಿ ವರ್ಷ ಅಸೆಂಬ್ಲಿಯಲ್ಲಿ ಐದು ನಿಮಿಷ ನಾನೇ ಮಾತಾಡುದು, 1843ರ ಜುಲೈ 1ಕ್ಕೆ ಹರ್ಮನ್ ಮೋಗ್ಲಿಂಗ್ ಅವರು "ಮಂಗಳೂರ ಸಮಾಚಾರ" ಹೊರಡಿಸಿದ್ರು, ಅದು ಕನ್ನಡದ ಮೊದಲ ಪತ್ರಿಕೆ, ಬಾಸೆಲ್ ಮಿಷನ್ ಅನ್ನುವ ಪ್ರೊಟೆಸ್ಟೆಂಟ್ ಮಿಷನರಿ ಸಂಸ್ಥೆಯವರ ಕಲ್ಲಚ್ಚಿನಲ್ಲಿ ಮುದ್ರಣ ಆದದ್ದು, ಹದಿನೈದು ದಿವಸಕ್ಕೊಮ್ಮೆ ಬರ್ತಿತ್ತು, ಮರುವರ್ಷ ಬಳ್ಳಾರಿಗೆ ಹೋಗಿ "ಕನ್ನಡ ಸಮಾಚಾರ" ಆಯ್ತು. ಇಷ್ಟು ಹೇಳಿದ್ರೆ ಚಪ್ಪಾಳೆ, ಆಮೇಲೆ ಕ್ಲಾಸಿಗೆ. ಈ ಸಲ ಕ್ಲಾಸಿಗೆ ಹೋದ ಕೂಡಲೇ ಒಬ್ಬಳು ಹುಡುಗಿ ಎದ್ದು ನಿಂತು, "ಟೀಚರ್, ಕಲ್ಲಿನಲ್ಲಿ ಪ್ರಿಂಟ್ ಮಾಡುದು ಹೇಗೆ? ಕಲ್ಲು ಕೆತ್ತುದಾ?" ಅಂತ ಕೇಳಿದಳು. ನಾನು ವಿವರಿಸಿದೆ, ಆದ್ರೆ ನೋಡದೆ ಹೇಳಿದ್ದು ನೋಡದೆ ಹೇಳಿದ ಹಾಗೆಯೇ ಇರ್ತದೆ. "ಅದು ಎಲ್ಲಿ ಇದ್ದದ್ದು ಟೀಚರ್?" ಅಂದಳು. ಮಂಗಳೂರಿನ ಬಲ್ಮಠದಲ್ಲಿ ಅಂದೆ. "ಬಲ್ಮಠ ನಮಗೆ ಗೊತ್ತುಂಟು, ಅಮ್ಮನನ್ನು ಡಾಕ್ಟ್ರ ಹತ್ರ ಕರ್ಕೊಂಡು ಹೋಗುವಾಗ ಬಸ್ಸು ಅಲ್ಲೇ ಹೋಗುದು" ಅಂತ ನಾಲ್ಕು ಜನ ಒಟ್ಟಿಗೆ ಹೇಳಿದ್ರು. ಅವತ್ತೇ ನಾನು ನಿಶ್ಚಯ ಮಾಡಿದೆ, ಈ ವರ್ಷದ ಪ್ರವಾಸ ಮಂಗಳೂರಿಗೆ, ಮತ್ತೆ ಕ್ಲಾಸಿಂದ ಒಂದು ಕೈಬರಹದ ಪತ್ರಿಕೆ ತರ್ಬೇಕು ಅಂತ.

ಪತ್ರಿಕೆಗೆ ಎಂತ ಹಾಕುದು ಅಂತ ಬಂತು. ಕವನ ಬರೀರಿ ಅಂದ್ರೆ ಎಲ್ಲರೂ "ತಾಯಿ", "ಪ್ರಕೃತಿ" ಅಂತ ಒಂದೇ ತರ ಬರೀತಾರೆ. ಹಾಗಾಗಿ ಒಂದು ನಿಯಮ ಮಾಡಿದೆ, ಪ್ರತಿ ಶುಕ್ರವಾರ ಲಾಸ್ಟ್ ಪೀರಿಯಡಿಗೆ ಒಬ್ಬೊಬ್ಬರು ಮನೆಯ ಹಿರಿಯರ ಬಾಯಿಂದ ಒಂದು ಶಬ್ದ ತರ್ಬೇಕು, ಪಾಠಪುಸ್ತಕದಲ್ಲಿ ಇಲ್ಲದ್ದು, ಅದನ್ನು ಅವರು ಯಾವಾಗ ಹೇಳ್ತಾರೆ ಅಂತ ಎರಡು ವಾಕ್ಯ ಬರೀಬೇಕು. ಮೊದಲ ವಾರ ಹನ್ನೊಂದು ಶಬ್ದ ಬಂತು. ಮೂರನೇ ವಾರಕ್ಕೆ ಪೀರಿಯಡ್ ಸಾಲದೆ ಲಾಂಗ್ ಬೆಲ್ ಆದ್ರೂ ಮಕ್ಕಳು ಏಳ್ಲಿಲ್ಲ. ಗಂಜಿಗೆ ಕೊಂಕಣಿಯವರು ಪೇಜ್ ಅಂತಾರೆ ಅಂತ ಒಬ್ಬಳು, ನಮ್ಮಲ್ಲಿ ಗಂಜಿಯ ತಿಳಿಗೆ ತೆಳಿ ಅಂತ ಹೆಸರುಂಟು ಅಂತ ಇನ್ನೊಬ್ಬ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಅಂದ್ರೆ ಕಥೊಲಿಕರ ಮೇರಿ ಮಾತೆಯ ಹಬ್ಬ, ಹತ್ರ ಬಂದಾಗ ಹೊಸ ಭತ್ತದ ತೆನೆಯ ಮಾತು ಬಂತು, ಕೊಂಕಣಿ ಮನೆಯಲ್ಲಿ ನವೆಂ ಅಂತ ಹೊಸ ಅಕ್ಕಿ ಉಣ್ಣುದು, ತುಳುವರ ಮನೆಯಲ್ಲಿ ಅದೇ ಊಟಕ್ಕೆ ಪುದ್ದರ್. ಎರಡು ಮನೆಯ ಮಕ್ಕಳು ಎಂಟನೇ ಕ್ಲಾಸಿಂದ ಒಂದೇ ಬೆಂಚಲ್ಲಿ ಕೂತದ್ದು, ಒಬ್ಬರ ಮನೆಯ ಹೊಸ ಅಕ್ಕಿ ಊಟ ಇನ್ನೊಬ್ಬರಿಗೆ ಗೊತ್ತಿರ್ಲಿಲ್ಲ. ಆ ವರ್ಷ ಒಬ್ಬ ತುಳು ಹುಡುಗ ಫ್ರೆಂಡಿನ ಮನೆಗೆ ಹೋಗಿ ನವೆಂ ಉಂಡು ಬಂದ, ತರಕಾರಿ ಮಾತ್ರ ಇತ್ತು ಟೀಚರ್, ಮೀನು ಇರ್ಲಿಲ್ಲ ಅಂತ ಆಶ್ಚರ್ಯದಲ್ಲಿ ಬಂದು ಹೇಳಿದ.

ಲೈಬ್ರರಿಯ ಸ್ಟೀಲ್ ಕಪಾಟಿನಲ್ಲಿ ಕಿಟೆಲ್ ನಿಘಂಟಿನ ಒಂದು ಮರುಮುದ್ರಣ ಉಂಟು, ಇಟ್ಟಿಗೆಯಷ್ಟು ದಪ್ಪ. ಫರ್ಡಿನೆಂಡ್ ಕಿಟೆಲ್ ಬಾಸೆಲ್ ಮಿಷನ್‌ನವರೇ, ಜರ್ಮನಿಯಿಂದ ಬಂದವರು, ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಲ್ಲಿ ಅಚ್ಚಾದದ್ದು, ಸುಮಾರು 70,000 ಶಬ್ದ. ಶುಕ್ರವಾರ ಶುಕ್ರವಾರ ಅದನ್ನು ಕ್ಲಾಸಿಗೆ ತರುವ ಡ್ಯೂಟಿ ಇಬ್ಬರಿಗೆ ಕೊಟ್ಟೆ. ತಂದ ಶಬ್ದ ಅದರಲ್ಲಿ ಉಂಟಾ ನೋಡುದು, ಇಲ್ಲದಿದ್ರೆ ನಮ್ಮ ಪತ್ರಿಕೆಗೆ. ಇದ್ರೆ ಮಕ್ಕಳಿಗೆ ಖುಷಿ, ಇಲ್ಲದಿದ್ರೆ ಅದಕ್ಕಿಂತ ಜಾಸ್ತಿ ಖುಷಿ, ಕಿಟೆಲ್‌ಗೂ ಸಿಗದ್ದು ನಮ್ಮ ಅಜ್ಜಿಗೆ ಗೊತ್ತುಂಟು ಅಂತ.

ಆಗಸ್ಟಿನ ಒಂದು ಶುಕ್ರವಾರ, ಜೋರು ಮಳೆ, ಕರೆಂಟ್ ಇಲ್ಲ, ಕಿಟಕಿಯ ಹತ್ರ ಪುಸ್ತಕ ಬಿಡಿಸಿಟ್ಟು ಓಕಾರದಲ್ಲಿ ಬೇರೆ ಎಂತದೋ ಹುಡುಕ್ತಾ ಇದ್ದ ಹುಡುಗಿ ಒಮ್ಮೆಲೇ, "ಟೀಚರ್, ಓಡು ಇಲ್ಲಿ ಉಂಟು" ಅಂದಳು. ನಾನು ಓಡಿ ಹೋಗುವ ಓಡು ಅಂತ ತಿಳ್ಕೊಂಡೆ. "ಅದಲ್ಲ ಟೀಚರ್, ಅದು ಬೇರೆ ಉಂಟು, ಇದು ಮಡಕೆಯ ಓಡು." ನಾನು ಹೋಗಿ ಬಗ್ಗಿ ನೋಡಿದೆ. ಹೌದು. ಸುಟ್ಟ ಮಣ್ಣಿನ ಚೂರು, ಕನ್ನಡದ್ದೇ ಶಬ್ದ. ಕಿಟೆಲ್ ಅವರು ಶಬ್ದದ ಪಕ್ಕದಲ್ಲಿ ತಮಿಳು, ತೆಲುಗು, ಮಲಯಾಳ, ತುಳುವಿನ ಬಳಗವನ್ನೂ ಗುರುತು ಮಾಡ್ತಾ ಹೋಗಿದಾರೆ, ಯಾವುದು ಯಾರ ಅಣ್ಣ ಯಾರ ತಮ್ಮ ಅಂತ ಗೊತ್ತಾಗುವ ಹಾಗೆ. ನಾನು ಎಂ.ಎ. ಓದುವಾಗ ಈ ನಿಘಂಟನ್ನು ಎಷ್ಟು ಸಲ ತೆಗೆದಿದ್ದೇನೆ, ಆದ್ರೆ ಜೂನಲ್ಲಿ ಆ ಪ್ರಬಂಧಕ್ಕೆ ಕೆಂಪು ಗೆರೆ ಹಾಕುವಾಗ ಒಮ್ಮೆ ತೆಗೆದು ನೋಡ್ಬೇಕು ಅಂತ ಕಾಣ್ಲಿಲ್ಲ. ಲಾಸ್ಟ್ ಬೆಂಚಿನ ಕಡೆ ನೋಡಿದೆ. ಅವ ಕೆತ್ತುದು ನಿಲ್ಲಿಸಿ ನನ್ನನ್ನೇ ನೋಡ್ತಾ ಇದ್ದ. ಅವನ ಪುಸ್ತಕ ತರಿಸಿ, ಎಲ್ಲರ ಎದುರು ನನ್ನ ಗೆರೆಗಳನ್ನು ಹೊಡೆದುಹಾಕಿ ಅರ್ಧ ಮಾರ್ಕು ಸೇರಿಸಿ ಸಹಿ ಹಾಕಿ ಕೊಟ್ಟೆ.

ಮರುದಿನ ಶನಿವಾರ ಮಾರ್ನಿಂಗ್ ಕ್ಲಾಸು. ಅವ ಬ್ಯಾಗಿನ ಬದಲು ಸಿಮೆಂಟ್ ಗೋಣಿಯಲ್ಲಿ ಸುತ್ತಿದ ಒಂದು ಹಂಚು ತಂದು ನನ್ನ ಟೇಬಲಿನ ಮೇಲೆ ಇಟ್ಟ. ಅವರ ಹಳೇ ದನದ ಹಟ್ಟಿಯ ಮಾಡಿಂದ ತೆಗೆದದ್ದು. ಮೇಲಿನ ಬದಿ ಪಾಚಿ ಹಿಡಿದು ಕಪ್ಪಾಗಿತ್ತು, ಮಗುಚಿ ಹಾಕಿದ್ರೆ ಒಳಬದಿ ಇವತ್ತು ಬೆಂದ ಹಾಗೆ ಕೆಂಪು. ಅದರ ಮೇಲೆ ಉಬ್ಬಿದ ಇಂಗ್ಲಿಷ್ ಅಕ್ಷರದಲ್ಲಿ ಬಾಸೆಲ್ ಮಿಷನ್ ಟೈಲ್ ವರ್ಕ್ಸ್, ಮಂಗಳೂರು, 1865. ಪತ್ರಿಕೆ ತಂದವರೂ ನಿಘಂಟು ಮಾಡಿದವರೂ ಇವನ ಹಟ್ಟಿಗೆ ಹಂಚು ಹಾಕಿದವರೂ ಒಂದೇ ಮಿಷನ್‌ನವರು ಅಂತ ಗೊತ್ತಾದಾಗ ಕ್ಲಾಸು ನಿಶ್ಶಬ್ದ ಆಯ್ತು. ಅವನೇ ಹೇಳಿದ, "ನನ್ನ ಅಜ್ಜಿ ಹಂಚಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಹೋಗ್ತಿದ್ದರು ಟೀಚರ್, ನದಿ ಹತ್ರ." ಎರಡು ವರ್ಷದಲ್ಲಿ ಅವ ಕ್ಲಾಸಲ್ಲಿ ತಾನಾಗಿ ಹೇಳಿದ ಮೊದಲ ಮಾತು ಅದು ಅಂತ ನನ್ನ ಲೆಕ್ಕ.

ಅದೇ ಸಮಯಕ್ಕೆ ಪ್ರತಿಭಾ ಕಾರಂಜಿಯ ಸರ್ಕ್ಯುಲರ್ ಬಂತು. ಗೊತ್ತಿಲ್ಲದವರಿಗೆ ಹೇಳ್ತೇನೆ, ಅದು ಶಾಲೆ ಮಕ್ಕಳ ಸಾಂಸ್ಕೃತಿಕ ಸ್ಪರ್ಧೆ, ಕ್ಲಸ್ಟರ್, ತಾಲೂಕು, ಜಿಲ್ಲೆ, ರಾಜ್ಯ ಅಂತ ಮೆಟ್ಟಿಲು, ಫಸ್ಟ್ ಬಂದವರು ಮಾತ್ರ ಮೇಲಿನ ಮೆಟ್ಟಿಲಿಗೆ. ನಮ್ಮ ಶಾಲೆಯವರು ಯಾವಾಗಲೂ ಭಾವಗೀತೆಗೆ, ಕಂಠಪಾಠಕ್ಕೆ, ಭಾಷಣಕ್ಕೆ ತಯಾರಿ ಮಾಡುದು, ಇಗರ್ಜಿಯ ಕೊಯರಲ್ಲಿ ಹಾಡುವ ಮಕ್ಕಳು ಇರುದರಿಂದ ಹಾಡಿಗೆ ಕೊರತೆ ಇಲ್ಲ. ಕ್ಲೇ ಮಾಡೆಲಿಂಗಿಗೆ ಯಾರನ್ನೂ ಕಳಿಸಿದ ನೆನಪಿಲ್ಲ. ಈ ಸಲ ಅವನ ಹೆಸರು ಕೊಟ್ಟೆ. ಡ್ರಾಯಿಂಗ್ ಮಾಸ್ಟ್ರು ನಮ್ಮಲ್ಲಿ ಇಲ್ಲ, ಹುದ್ದೆ ಖಾಲಿಯಾಗಿ ವರ್ಷಗಳು ಕಳೆದವು, ಹಾಗಾಗಿ ಕಲಿಸಿದ್ದು ಅವನ ಅಜ್ಜಿಯೇ. ಮೂರ್ತಿ ಮಾಡ್ಲಿಕ್ಕೆ ಅಲ್ಲ, ಮಣ್ಣು ಹದ ಮಾಡ್ಲಿಕ್ಕೆ. ಗದ್ದೆಯ ಅಡಿಯಿಂದ ಜಿಗುಟು ಮಣ್ಣು ತೆಗೆಯುದು, ಕಲ್ಲು ಬೇರು ಒಂದೂ ಉಳಿಯದ ಹಾಗೆ ಹೆಕ್ಕುದು, ನೀರು ಹಾಕಿ ಮೆಟ್ಟುದು, ಒದ್ದೆ ಬಟ್ಟೆಯಲ್ಲಿ ಮುಚ್ಚಿ ಒಂದು ರಾತ್ರಿ ಇಡುದು, ಬೆಳಿಗ್ಗೆ ಪುನಃ ನಾದುದು. ಬೆರಳಿಗೆ ಸುತ್ತಿ ಮಡಚಿದ್ರೆ ಒಡೆಯಬಾರ್ದು, ಒಡೆದ್ರೆ ಹದ ಆಗ್ಲಿಲ್ಲ ಅಂತ ಅರ್ಥ. ಕ್ಲಸ್ಟರಲ್ಲಿ ಅವನಿಗೆ ಫಸ್ಟು, ತಾಲೂಕಲ್ಲಿಯೂ ಫಸ್ಟು. ನಮ್ಮ ಹುಡುಗಿಯರ ಥ್ರೋಬಾಲ್ ಟೀಮು ತಾಲೂಕು ಫೈನಲಲ್ಲಿ ಸೋತಿತು ಅದೇ ತಿಂಗಳು, ಮತ್ತೆ ಹತ್ತನೇ ಕ್ಲಾಸಿನ ಒಬ್ಬಳ ಐಡಿಯಾ ಮಕ್ಕಳ ವಿಜ್ಞಾನದ ಐಡಿಯಾಗಳಿಗೆ ಕೇಂದ್ರ ಸರ್ಕಾರ ಕೊಡುವ ಇನ್‌ಸ್ಪೈರ್ ಅವಾರ್ಡಿಗೆ ಸೆಲೆಕ್ಟ್ ಆಗಿ 10,000 ರೂಪಾಯಿ ಅವಳ ಅಕೌಂಟಿಗೆ ಬಂತು, ಅಂಗಳದಲ್ಲಿ ಒಣಗ್ಲಿಕ್ಕೆ ಹಾಕಿದ ಅಡಿಕೆಗೆ ಮಳೆ ಹನಿ ಬಿದ್ದ ಕೂಡಲೇ ಮನೆಯೊಳಗೆ ಬೆಲ್ ಹೊಡೆಯುವ ಒಂದು ಸಾಧನ. ಸಣ್ಣ ಶಾಲೆಗೆ ಇದೆಲ್ಲ ದೊಡ್ಡ ಸುದ್ದಿ, ನೋಟಿಸ್ ಬೋರ್ಡಲ್ಲಿ ಜಾಗ ಸಾಲ್ಲಿಲ್ಲ.

ಇನ್ನು ಪ್ರವಾಸದ್ದು. ಶಾಲೆಯ ಪ್ರವಾಸ ಅಂದ್ರೆ ಬಸ್ಸು ಹತ್ತಿ ಹೋಗುದು ಅಂತ ನಾವು ಕಲೀವಾಗ ಇತ್ತು, ಈಗ ಹಾಗಿಲ್ಲ. 2024ರ ಡಿಸೆಂಬರಲ್ಲಿ ಮುರುಡೇಶ್ವರದ ಸಮುದ್ರದಲ್ಲಿ ಪ್ರವಾಸಕ್ಕೆ ಬಂದಿದ್ದ ನಾಲ್ಕು ವಿದ್ಯಾರ್ಥಿನಿಯರು ತೀರಿಹೋದ ಮೇಲೆ ಅಪ್ಪ ಅಮ್ಮಂದಿರ ಹೆದರಿಕೆ ಹೋಗಿಲ್ಲ, ಹೋಗುದೂ ಇಲ್ಲ. ಇಲಾಖೆಯ ಅನುಮತಿ, ಎಲ್ಲ ಪೋಷಕರ ಒಪ್ಪಿಗೆ ಪತ್ರ, ಮಕ್ಕಳ ಲಿಸ್ಟು, ಹೆಣ್ಣುಮಕ್ಕಳ ಒಟ್ಟಿಗೆ ಶಿಕ್ಷಕಿಯರು, ಫಸ್ಟ್ ಏಡ್ ಬಾಕ್ಸು, ಇದಕ್ಕೇ ಮೂರು ವಾರ ಬೇಕಾಯ್ತು. ನಾನು ಪೋಷಕರ ಮೀಟಿಂಗಲ್ಲಿ ಸಮುದ್ರಕ್ಕೆ ಇಳಿಸುದಿಲ್ಲ, ನೀರಿನ ಹತ್ರ ಹೋಗುದಿಲ್ಲ, ಸಂಜೆ ಏಳರ ಒಳಗೆ ಶಾಲೆಯ ಗೇಟಲ್ಲಿ ಇರ್ತೇವೆ ಅಂತ ಹೇಳಿದೆ. ಆದ್ರೂ ಒಬ್ಬರು ಅಮ್ಮ ಸೈನ್ ಮಾಡ್ಲಿಲ್ಲ, ಹೆಡ್‌ಮಿಸ್ ಅವರ ಮನೆಗೇ ಹೋಗಿ ಕೂತು ಮಾತಾಡಿ, ನೀವೂ ಬನ್ನಿ ಅಂತ ಕರ್ಕೊಂಡು ಬಂದ್ರು. ಅವರು ಬಂದದ್ದು ಎಷ್ಟು ಉಪಕಾರ ಆಯ್ತು ಅಂದ್ರೆ ವಾಂತಿ ಮಾಡಿದ ಮಕ್ಕಳನ್ನೆಲ್ಲ ಅವರೇ ನೋಡಿಕೊಂಡದ್ದು. ದುಡ್ಡು ಕೊಡ್ಲಿಕ್ಕೆ ಆಗದವರು ಆರು ಮಕ್ಕಳಿದ್ರು, ಯಾರು ಅಂತ ಉಳಿದವರಿಗೆ ಗೊತ್ತಾಗದ ಹಾಗೆ ಇಗರ್ಜಿಯ ಕಡೆಯಿಂದ ತುಂಬಿಸಿದ್ರು, ಆ ಲಿಸ್ಟು ಫಾದರ್, ಹೆಡ್‌ಮಿಸ್ ಬಿಟ್ರೆ ನಾನು ಮಾತ್ರ ನೋಡಿದ್ದು.

ನವೆಂಬರ್ ಕೊನೆಯ ವಾರ, ಬೆಳಿಗ್ಗೆ ಏಳಕ್ಕೆ ಬಸ್ಸು ಅಂತ ಹೇಳಿತ್ತು. ಏಳೂವರೆ ಆಯ್ತು, ಎಂಟಾಯ್ತು. ಫೋನ್ ಮಾಡಿದ್ರೆ ನಾವು ಬುಕ್ ಮಾಡಿದ ಬಸ್ಸನ್ನು ಮದುವೆಗೆ ಕಳಿಸಿ ಬಿಟ್ಟಿದ್ದರು. ಅಡ್ವಾನ್ಸ್ ಕೊಟ್ಟು ತಿಂಗಳು ಆಗಿತ್ತು. ಮಕ್ಕಳು ಬಣ್ಣದ ಡ್ರೆಸ್ಸಲ್ಲಿ, ಚಪಾತಿಯ ಡಬ್ಬಿ ಹಿಡ್ಕೊಂಡು ಗೇಟಲ್ಲಿ ನಿಂತಿದಾರೆ, ನನಗೆ ಕಣ್ಣಲ್ಲಿ ನೀರು ಬರುದೊಂದು ಬಾಕಿ. ಕೊನೆಗೆ ಒಬ್ಬ ಹುಡುಗಿಯ ಅಪ್ಪ ಲೈನ್ ಬಸ್ಸಿನ ಕಂಡಕ್ಟರ್, ಅವರ ಪರಿಚಯದಿಂದ ಇನ್ನೊಂದು ಬಸ್ಸು ಸಿಕ್ಕಿ, ಅದರ ಪೇಪರ್ ಎಲ್ಲ ಸರಿ ಉಂಟಾ ನೋಡಿ, ಇಲಾಖೆಗೆ ಗಾಡಿ ನಂಬರ್ ಬದಲಾದದ್ದು ತಿಳಿಸಿ ಹೊರಡುವಾಗ ಒಂಬತ್ತು ಹತ್ತು. ಎರಡು ಗಂಟೆ ಹೋಯ್ತು. ಒಂದು ಮಗುವೂ ಮನೆಗೆ ಹೋಗ್ತೇನೆ ಅಂತ ಹೇಳ್ಲಿಲ್ಲ.

ಮೊದಲು ಬಲ್ಮಠ. 1834ರಲ್ಲಿ ಬಾಸೆಲ್ ಮಿಷನ್‌ನ ಮೂರು ಜನ ಮಂಗಳೂರಿಗೆ ಬಂದು ಇಳಿದದ್ದು, ಏಳು ವರ್ಷದ ಮೇಲೆ ಇಲ್ಲಿ ಅಚ್ಚುಕೂಟ ಶುರು. ಈಗ ಆ ಗುಡ್ಡೆಯಲ್ಲಿ ಥಿಯಾಲಾಜಿಕಲ್ ಕಾಲೇಜು, ಶಾಂತಿ ಕೆಥೆಡ್ರಲ್, ದೊಡ್ಡ ದೊಡ್ಡ ಮರಗಳು, ಕೆಳಗೆ ರಸ್ತೆಯಲ್ಲಿ ಹಾರ್ನ್ ಹೊಡೆದು ಹೊಡೆದು ಕಿವಿ ಹೋಗ್ತಿದ್ರೂ ಮೇಲೆ ಬಂದ್ರೆ ತಂಪು. ನಮ್ಮ ಕಥೊಲಿಕ್ ಮಕ್ಕಳಿಗೆ ಇದು ತಮ್ಮ ಇಗರ್ಜಿಯಂತಲ್ಲ ಅಂತ ಕೂಡಲೇ ಗೊತ್ತಾಯ್ತು, ಮೂರ್ತಿ ಎಲ್ಲಿ ಸಿಸ್ಟರ್ ಅಂತ ಒಬ್ಬಳು ಕೇಳಿದಳು, ಸಿಸ್ಟರ್ ಅಲ್ಲೇ ಮೆಟ್ಟಿಲಲ್ಲಿ ಕೂರಿಸಿ ಎರಡೂ ಕಡೆಯವರ ರೀತಿ ಹೇಗೆ ಬೇರೆ ಅಂತ ಚಂದ ಮಾಡಿ ಹೇಳಿದ್ರು.

ಕಲ್ಲಚ್ಚಿನ ವಿಷಯ ನಮಗೆ ವಿವರಿಸಿದವರು ಮಕ್ಕಳ ಮಟ್ಟಕ್ಕೆ ಇಳಿದು ಹೇಳಿದ್ರು. ಕಲ್ಲು ಕೆತ್ತುದಲ್ಲ, ನಯವಾದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಬರೆಯುದು. ಆಮೇಲೆ ಕಲ್ಲನ್ನು ಒದ್ದೆ ಮಾಡುದು. ಜಿಡ್ಡು ಇರುವಲ್ಲಿ ನೀರು ನಿಲ್ಲುದಿಲ್ಲ, ನೀರು ಇರುವಲ್ಲಿ ಮಸಿ ಹಿಡಿಯುದಿಲ್ಲ, ರೋಲರ್ ಹಾಕಿದ್ರೆ ಮಸಿ ಅಕ್ಷರದ ಮೇಲೆ ಮಾತ್ರ ಕೂರ್ತದೆ. "ತೆಂಗಿನೆಣ್ಣೆ ಹಚ್ಚಿದ ತಲೆಗೆ ನೀರು ಬಿದ್ದ ಹಾಗೆ" ಅಂತ ನಮ್ಮ ಒಬ್ಬಳು ಹೇಳಿದಳು, ಅವರಿಗೆ ಅದು ತುಂಬ ಇಷ್ಟ ಆಯ್ತು. ಕಲ್ಲಿನ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇರ್ಬೇಕು, ಆಗ ಮಾತ್ರ ಪೇಪರಲ್ಲಿ ಸರಿ ಬರುದು. ಮಕ್ಕಳೆಲ್ಲ ಅಲ್ಲೇ ಕೈಯಲ್ಲಿ ತಮ್ಮ ತಮ್ಮ ಹೆಸರು ಉಲ್ಟಾ ಬರೀಲಿಕ್ಕೆ ಶುರು. ಮಂಗಳೂರ ಸಮಾಚಾರದ ಪುಟದ ನಕಲು ನೋಡುವಾಗ ಕೈಬರಹದ ಹಾಗಿರುವ ಆ ಅಕ್ಷರ ಓದ್ಲಿಕ್ಕೆ ಕಷ್ಟ ಆದ್ರೂ ಬಿಡದೆ ಒಂದೊಂದೇ ಶಬ್ದ ಕೂಡಿಸಿ ಓದಿದ್ರು, ಒಂದು ಗೆರೆ ಮುಗಿದಾಗ ಪರೀಕ್ಷೆ ಪಾಸಾದ ಹಾಗೆ ಬೊಬ್ಬೆ.

ಅಲ್ಲಿಂದ ಲೈಟ್‌ಹೌಸ್ ಹಿಲ್ಲಿನ ಸೇಂಟ್ ಅಲೋಶಿಯಸ್ ಚಾಪೆಲ್. ಇಟಲಿಯಿಂದ ಬಂದ ಜೆಸ್ವಿತ್ ಬ್ರದರ್ ಆಂಟೊನಿಯೊ ಮೊಸ್ಕೆನಿ 1899ರಿಂದ 1901ರವರೆಗೆ ಗೋಡೆ, ಮಾಡು, ಕಮಾನು ಒಂದನ್ನೂ ಬಿಡದೆ ಚಿತ್ರ ಬರೆದದ್ದು. ಮಕ್ಕಳು ಒಳಗೆ ಬಂದವರೇ ಕುತ್ತಿಗೆ ಮೇಲೆ ಮಾಡಿ ನಿಂತ್ರು, ಮಾತೇ ಇಲ್ಲ. ಗೋಡೆಯಲ್ಲಿರುವುದು ಫ್ರೆಸ್ಕೊ, ಗಾರೆ ಒದ್ದೆ ಇರುವಾಗಲೇ ಬಣ್ಣ ಹಚ್ಚಿ ಮುಗಿಸ್ಬೇಕು, ಒಣಗಿದ್ರೆ ಬಣ್ಣ ಒಳಗೆ ಹೋಗುದಿಲ್ಲ, ಹಾಗಾಗಿ ದಿವಸಕ್ಕೆ ಎಷ್ಟು ಆಗ್ತದೋ ಅಷ್ಟೇ ಗಾರೆ ಹಾಕಿಕೊಳ್ಳುದು ಅಂತ ಹೇಳಿದೆ. ನಮ್ಮ ಕ್ಲೇ ಹುಡುಗ ನನ್ನ ಪಕ್ಕಕ್ಕೆ ಬಂದು ಮೆಲ್ಲ, "ಮಣ್ಣೂ ಹಾಗೆಯೇ ಟೀಚರ್, ಒದ್ದೆ ಇರುವಾಗಲೇ ಮುಗಿಸ್ಬೇಕು" ಅಂದ. ಒಬ್ಬ ಬ್ಯಾರಿ ಹುಡುಗ, ಅವನ ಅಪ್ಪ ಪೇಂಟಿಂಗ್ ಕೆಲಸದವರು, "ಏಣಿ ಹಿಡಿದವರು ಯಾರು? ಬಣ್ಣ ಕಲಸಿ ಕೊಟ್ಟವರು ಯಾರು?" ಅಂತ ಕೇಳಿದ. ನನ್ನ ಹತ್ರ ಉತ್ತರ ಇರ್ಲಿಲ್ಲ. ಆ ಪ್ರಶ್ನೆಯನ್ನು ಹಾಗೇ ಪತ್ರಿಕೆಗೆ ಬರಿ ಅಂದೆ, ಬರೆದ, ನಮ್ಮ ಪತ್ರಿಕೆಯಲ್ಲಿ ಎಲ್ಲಕ್ಕಿಂತ ಒಳ್ಳೆ ಬರಹ ಅದೇ ಅಂತ ನನ್ನ ಅಭಿಪ್ರಾಯ.

ಊಟ ಆಗಿ ಜೆಪ್ಪು ಕಡೆ. ಜಾರ್ಜ್ ಪ್ಲೆಬ್ಸ್ಟ್ ಅನ್ನುವವರು 1865ರಲ್ಲಿ ನೇತ್ರಾವತಿ ದಡದಲ್ಲಿ ಮೊದಲ ಹಂಚಿನ ಕಾರ್ಖಾನೆ ಹಾಕಿದ್ದು ಇಲ್ಲೇ, ಹೊಳೆಯ ಮಣ್ಣು ಹತ್ರ, ಹಂಚು ಸಾಗಿಸ್ಲಿಕ್ಕೆ ದೋಣಿಯ ದಾರಿಯೂ ಹತ್ರ. ಇಲ್ಲಿಂದ ಹಡಗಲ್ಲಿ ಸಿಲೋನಿಗೆ, ಪೂರ್ವ ಆಫ್ರಿಕಾಕ್ಕೆ ಹಂಚು ಹೋಗ್ತಿತ್ತು. ಮೊದಲ ಮಹಾಯುದ್ಧ ಬಂದಾಗ ಜರ್ಮನ್ನರದ್ದು ಅಂತ ಬ್ರಿಟಿಷ್ ಸರ್ಕಾರ ವಶ ಮಾಡಿಕೊಂಡು ಆಮೇಲೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋಯ್ತು. ಅಂದ್ರೆ ಬಾಸೆಲ್ ಮಿಷನ್ ಅಂತ ಅಚ್ಚು ಇರುವ ನಮ್ಮ ಹಂಚಿಗೆ ನೂರು ವರ್ಷಕ್ಕಿಂತ ಜಾಸ್ತಿ ಪ್ರಾಯ ಆಗಿದೆ. ತಡವಾಗಿತ್ತು, ಹಾಗಾಗಿ ಇಳಿಯದೆ ಆ ರಸ್ತೆಯಲ್ಲಿ ಬಸ್ಸು ನಿಧಾನ ಮಾಡಿಸಿದ್ದು ಮಾತ್ರ. ಆ ಹತ್ತು ನಿಮಿಷ ಬಸ್ಸಿನ ಮುಂದೆ ನಿಂತು ಮಾತಾಡಿದ್ದು ನಾನಲ್ಲ, ಹಂಚು ತಂದ ಆ ಹುಡುಗ. ಮಣ್ಣು ಎಲ್ಲಿ ರಾಶಿ ಹಾಕ್ತಿದ್ರು, ಪ್ರೆಸ್ಸಿಂದ ಬಂದ ಹಸಿ ಹಂಚನ್ನು ಹೆಂಗಸರು ಹೇಗೆ ಹಲಗೆಯ ಮೇಲೆ ಹೊರ್ತಿದ್ರು, ಅಂಚು ಸೊಟ್ಟ ಆದ್ರೆ ಲೆಕ್ಕಕ್ಕೆ ಸೇರ್ತಿರ್ಲಿಲ್ಲ, ಭಟ್ಟಿಯ ಬಾಯಿ ತೆರೆದ ದಿವಸ ಎಷ್ಟು ಬಿಸಿ, ಎಲ್ಲ ಅಜ್ಜಿ ಹೇಳಿದ್ದನ್ನು ಹೇಳಿದ ಹಾಗೆ. ಕೈ ಸೀಟಿನ ಕಂಬಿ ಗಟ್ಟಿ ಹಿಡಿದಿತ್ತು, ಬೆರಳ ಗೆಣ್ಣು ಬೆಳ್ಳಗೆ ಆಗಿತ್ತು, ಸ್ವರ ಮಾತ್ರ ನಡುಗ್ಲಿಲ್ಲ.

ಪಿಲಿಕುಳ ನಿಸರ್ಗಧಾಮಕ್ಕೆ ಹೋಗುವಾಗ ಮೂರೂವರೆ. ತಾರಾಲಯದ ತ್ರೀಡಿ ಶೋ ನೋಡಿ, ಹುಲಿ ನೋಡಿ, ಐಸ್‌ಕ್ರೀಂ ತಿಂದು ಹೊರಟೆವು. ಮಕ್ಕಳನ್ನು ಕೇಳಿದ್ರೆ ಹುಲಿಯೇ ಫಸ್ಟ್ ಅಂತಾರೆ, ಅದು ಸರಿಯೇ. ಏಳಕ್ಕೆ ಅಂತ ಮಾತು ಕೊಟ್ಟಿದ್ದೆ, ಬಸ್ಸಿನ ದೆಸೆಯಿಂದ ಏಳೂಮುಕ್ಕಾಲು ಆಯ್ತು, ದಾರಿಯಿಂದಲೇ ಎಲ್ಲ ಮನೆಗೂ ಫೋನ್ ಮಾಡಿಸಿದ್ದೆ, ಗೇಟಲ್ಲಿ ಅಪ್ಪಂದಿರು ಟಾರ್ಚ್ ಹಿಡ್ಕೊಂಡು ನಿಂತಿದ್ದರು.

ಪತ್ರಿಕೆಗೆ ಹೆಸರು "ಓಡು" ಅಂತಲೇ ಆಯ್ತು. ಹಂಚೂ ಹೌದು, ಓಡುದೂ ಹೌದು ಅಂತ ಮಕ್ಕಳ ವಾದ. ಮುಖಪುಟದ ಹೆಸರನ್ನು ಮಾತ್ರ ನಾವೇ ಅಚ್ಚು ಹಾಕ್ಬೇಕು ಅಂತ ಹಠ. ಬಾಳೆದಿಂಡು ಆಗ್ಲಿಲ್ಲ, ಬಟಾಟೆ ಸಣ್ಣ ಆಯ್ತು, ಕೊನೆಗೆ ಹಳೇ ಚಪ್ಪಲಿಯ ರಬ್ಬರ್ ಸೋಲ್ ಬ್ಲೇಡಲ್ಲಿ ಕೆತ್ತಿದ್ರು. ಬಲ್ಮಠದಲ್ಲಿ ಅಷ್ಟು ಕಲಿತು ಬಂದೂ ಮೊದಲ ಬ್ಲಾಕು ಸೀದಾ ಕೆತ್ತಿ ಬಿಟ್ಟಿದ್ದರು, ಪೇಪರಿಗೆ ಒತ್ತಿದ್ರೆ ಉಲ್ಟಾ ಬಂತು. ಪುನಃ ಕೆತ್ತಿದವ ಆ ಲಾಸ್ಟ್ ಬೆಂಚಿನ ಹುಡುಗನೇ. ಓ ಅಕ್ಷರದ ಕೊಂಬನ್ನು ತಿರುಗಿಸಿ, ಡು ಅಕ್ಷರದ ಹೊಟ್ಟೆಯ ಸೀಳನ್ನು ಬ್ಲೇಡಿನ ತುದಿಯಲ್ಲಿ ಅಷ್ಟು ಸಪುರಕ್ಕೆ ಎಳೆದು. ಸ್ಟ್ಯಾಂಪ್ ಪ್ಯಾಡಿನ ನೀಲಿ ಬೇಡ ಅಂತ ಹಂಚಿನ ಪುಡಿಯನ್ನೇ ಅಂಟಲ್ಲಿ ಕಲಸಿ ಬಣ್ಣ ಮಾಡಿದ್ರು. ನಲ್ವತ್ತು ಪ್ರತಿಯ ಮುಖಪುಟ ಆ ಕೆಂಪಲ್ಲೇ ಒತ್ತಿದ್ದು, ಒಳಗಿನ ಪುಟಗಳು ಕೈಬರಹದ ಜೆರಾಕ್ಸ್, ಇನ್ನೂರ ಹದಿನಾರು ಶಬ್ದ, ಪ್ರತಿ ಶಬ್ದದ ಕೆಳಗೆ ಅದನ್ನು ಕೊಟ್ಟ ಅಜ್ಜ ಅಜ್ಜಿಯ ಊರು.

ಡಿಸೆಂಬರಲ್ಲಿ ಜಿಲ್ಲಾ ಮಟ್ಟದ ಪ್ರತಿಭಾ ಕಾರಂಜಿ. ಅಲ್ಲಿ ಕೊಟ್ಟ ವಿಷಯ ದುಡಿಯುವ ಜನರ ಬಗ್ಗೆ. ಅವ ಮಾಡಿದ್ದು ತಲೆಯ ಮೇಲೆ ಹಸಿ ಹಂಚಿನ ಹಲಗೆ ಹೊತ್ತು, ಒಂದು ಕೈ ಮೇಲೆತ್ತಿ ಹಿಡಿದ ಹೆಂಗಸು. ಹೊರಗಿಂದ ಕಿಟಕಿಯಲ್ಲಿ ನೋಡ್ತಾ ಇದ್ದೆ. ಸೀರೆಯ ನೆರಿಗೆಯನ್ನು ಹೆಬ್ಬೆರಳ ಉಗುರಲ್ಲಿ ಎಳೆದ, ಸೊಂಟಕ್ಕೆ ಸಿಕ್ಕಿಸಿದ ಸೆರಗು ಸಹ ಮಾಡಿದ. ಹತ್ತು ನಿಮಿಷ ಬಾಕಿ ಇರುವಾಗ ಮೇಲೆತ್ತಿದ ಕೈ ಭುಜದ ಹತ್ರ ಬಿರುಕು ಬಿಟ್ಟು ಬಿತ್ತು. ನಾನು ಕಣ್ಣು ಮುಚ್ಚಿದೆ. ತೆರೆದು ನೋಡುವಾಗ ಅವ ಆ ಕೈಯನ್ನು ಪುನಃ ಮೇಲೆ ಅಂಟಿಸ್ಲಿಲ್ಲ, ಸೊಂಟಕ್ಕೆ ಇಟ್ಟಿದ್ದ. ಹಲಗೆ ತಲೆಯ ಮೇಲೆ ಕೈ ಹಿಡಿಯದೆ ನಿಂತಿತ್ತು. ಎರಡನೇ ಸ್ಥಾನ ಬಂತು. ಕಂಬಳದ ಕೋಣ ಮಾಡಿದ ಹುಡುಗ ಫಸ್ಟು, ಅದೂ ಜೀವ ಇದ್ದ ಹಾಗೆ ಇತ್ತು, ಒಪ್ಪಲೇಬೇಕು. ರಾಜ್ಯ ಮಟ್ಟಕ್ಕೆ ಹೋಗ್ಲಿಕ್ಕಿಲ್ಲ. ಬಸ್ಸಲ್ಲಿ ಬರುವಾಗ ಬೇಜಾರಾ ಅಂತ ಕೇಳಿದೆ. "ಇಲ್ಲ ಟೀಚರ್. ಅಜ್ಜಿ ಹೇಳಿದ್ದಾರೆ, ಅಭ್ಯಾಸ ಆದ ಮೇಲೆ ಯಾರೂ ಕೈ ಹಿಡಿತಿರ್ಲಿಲ್ಲ ಅಂತೆ" ಅಂದ.

ಕ್ರಿಸ್ಮಸ್ ರಜೆಯ ಮೊದಲು ಸ್ಕೂಲ್ ಡೇ. ಆ ವರ್ಷದ ಗೋದಲಿಗೆ, ಅಂದ್ರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ, ಬೈಹುಲ್ಲಿನ ಬದಲು ಮಕ್ಕಳು ಅಂಗೈ ಅಗಲದ ಮಣ್ಣಿನ ಹಂಚು ಮಾಡಿ ಹೊದಿಸಿದ್ರು. ಪತ್ರಿಕೆ ಬಿಡುಗಡೆಗೆ ಯಾರನ್ನು ಕರೆಯುದು ಅಂತ ಮೀಟಿಂಗಲ್ಲಿ ಬಂದಾಗ ಫಾದರೇ ಹೇಳಿದ್ದು, ಆ ಹುಡುಗನ ಅಜ್ಜಿಯನ್ನು ಕರೀರಿ ಅಂತ. ಬಂದ್ರು. ಬಿಳಿ ಸೀರೆಗೆ ನೀಲಿ ಅಂಚು, ಕಾಲಲ್ಲಿ ಹೊಸ ಚಪ್ಪಲಿ, ಸ್ಟೇಜ್ ಹತ್ತುವ ಮೊದಲು ಅದನ್ನು ಕಳಚಿ ಇಟ್ಟರು. ಅವರಿಗೆ ಓದ್ಲಿಕ್ಕೆ ಬರುದಿಲ್ಲ. ಪತ್ರಿಕೆ ಕೈಗೆ ಕೊಟ್ಟಾಗ ಮುಖಪುಟದ ಕೆಂಪನ್ನು ಮೂಸಿ ನೋಡಿ ಮೊಮ್ಮಗನ ಕಡೆ ನೋಡಿದ್ರು. ಆಮೇಲೆ ಟೇಬಲಿನ ಮೇಲಿದ್ದ ಹಂಚನ್ನು ಎತ್ತಿ, ಮಗುಚಿ, ಆ ಉಬ್ಬು ಅಕ್ಷರದ ಮೇಲೆ ಬೆರಳಾಡಿಸಿ, "ಇದು ನಮ್ಮ ಕಾಲದ್ದು ಅಲ್ಲ, ಅದಕ್ಕಿಂತ ಹಿಂದಿನದ್ದು" ಅಂತ ತುಳುವಲ್ಲಿ ಹೇಳಿದ್ರು. ಹೇಗೆ ಗೊತ್ತಾಯ್ತು ಅಂತ ನಾನು ಕೇಳಿದೆ. ಅವರು ಎಡಗೈಯಲ್ಲಿ ಹಂಚನ್ನು ಒಂದು ಮೂಲೆಯಿಂದ ತೂಗಿಸಿ ಹಿಡಿದು ಬಲಗೈಯ ಗೆಣ್ಣಿಂದ ಒಮ್ಮೆ ಬಡಿದ್ರು. ಇಗರ್ಜಿಯ ಸಣ್ಣ ಗಂಟೆಯ ಹಾಗೆ ಸದ್ದು ಬಂತು. "ಬೆಂದದ್ದು ನೋಡಿ" ಅಂದ್ರು.

ಕಾರ್ಯಕ್ರಮ ಮುಗಿದ ಮೇಲೆ ಸ್ಟೇಜಿನ ಹಿಂದೆ ಮಕ್ಕಳ ಸಾಲು. ಒಬ್ಬೊಬ್ಬರಾಗಿ ಹಂಚನ್ನು ತೂಗಿಸಿ ಹಿಡಿದು ಬಡಿಯುದು, ಸರಿಯಾಗಿ ಹಿಡಿಯದವರಿಗೆ ಅಜ್ಜಿ ಬೆರಳು ಸರಿ ಮಾಡಿ ಕೊಡುದು. ನಾನೂ ಸಾಲಲ್ಲಿ ನಿಂತೆ.